ಉಪವಾಸವೋ, ಆತ್ಮಹಿಂಸೆಯೋ?

ದಶಲಕ್ಷಣ ಪರ್ವದಲ್ಲಿ ಮನೆಯ ಮಗಳೊಬ್ಬಳು ಹತ್ತು ದಿನವೂ ನಿರಾಹಾರಳಾಗಿದ್ದರೆ ಬಂಧುಬಳಗವೆಲ್ಲ ಹರ್ಷಿಸುತ್ತದೆ. ಆದರೆ ಪಾರಣೆಯಾದ ಮೇಲೂ ಆಕೆ ಅನ್ನಕ್ಕೆ ಅಂಜಿದರೆ? ಗುಟ್ಟಾಗಿ ಮಿತಿಮೀರಿ ಉಂಡು, ಉಂಡುದನ್ನು ಕಕ್ಕಿ, ಆ ನಾಚಿಕೆಯನ್ನು ತಾಳಲಾರದೆ ತನ್ನ ಮೈಯನ್ನೇ ಗಾಯಗೊಳಿಸಿಕೊಂಡರೆ? ಹೊರಗಿನಿಂದ ಒಂದೇ ತೆರನಾಗಿ ಕಾಣುವ ವ್ರತದ ನಿರಾಹಾರಕ್ಕೂ ವ್ಯಾಧಿಯ ನಿರಾಹಾರಕ್ಕೂ ಭೇದವೆಲ್ಲಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವೈದ್ಯಶಾಸ್ತ್ರಕ್ಕೆ ಈ ವ್ಯಾಧಿ ಹೊಸದಲ್ಲ. ಆಹಾರ ತೊರೆದು ಕೃಶವಾಗುವ ರೋಗವನ್ನು 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅವರು 'ಅನೊರೆಕ್ಸಿಯ ನರ್ವೋಸ' ಎಂದು ಕರೆದರು. ಅತಿಯಾಗಿ ಉಂಡು ಕಕ್ಕುವ 'ಬುಲಿಮಿಯ ನರ್ವೋಸ'ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಅವರು ವರ್ಣಿಸಿದರು. ಕಕ್ಕದೆ ಆವೇಗದಿಂದ ಅತಿಯಾಗಿ ಉಣ್ಣುವ ವ್ಯಾಧಿಗೆ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಸ್ಥೂಲಕಾಯರಾದ ಹಲವರು ಇದರಿಂದ ನರಳುತ್ತಾರೆ. ಇಂತಹ ರೋಗಿಗಳಲ್ಲಿ, ವಿಶೇಷವಾಗಿ ಉಂಡು ಕಕ್ಕುವವರಲ್ಲಿ, ಕ್ಷಣದ ಆವೇಗಕ್ಕೆ ವಶರಾಗುವುದೂ ತಮ್ಮನ್ನು ತಾವೇ ನೋಯಿಸಿಕೊಳ್ಳುವುದೂ ಇತರರಿಗಿಂತ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ದುಸ್ಸಹವಾದ ಮನೋವೇದನೆಗೆ ಕ್ಷಣಕಾಲದ ಶಮನ, ಬಳಿಕ ನಾಚಿಕೆ, ಮತ್ತೆ ಅದೇ ಚಕ್ರ. ಪದೇ ಪದೇ ಕಕ್ಕುವುದರಿಂದ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರಮಾದವನ್ನು ಮುಂದಿಟ್ಟುಕೊಂಡೇ ಹಿಂಸೆಯ ಲಕ್ಷಣವನ್ನು ಹೇಳುತ್ತದೆ. ಪ್ರಾಣಕ್ಕೊದಗುವ ಹಾನಿಯಷ್ಟೇ ಅಲ್ಲ, ಅದರ ಹಿಂದಿನ ಕಷಾಯವೂ ಗಣ್ಯ. ಆ ಪ್ರಾಣವು ಪರರದೇ ಆಗಿರಬೇಕೆಂಬ ನಿಯಮವಿಲ್ಲ. ಸಲ್ಲೇಖನೆಯು ಆತ್ಮವಧೆಯಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನಿರೂಪಿಸುವುದೂ ಅಲ್ಲಿ ರಾಗಾದಿಗಳಿಲ್ಲವೆಂಬ ಆಧಾರದಿಂದಲೇ. ಅಂದಮೇಲೆ ಕನ್ನಡಿಯ ಭಯದಿಂದ, ದೇಹದ ಮೇಲಣ ದ್ವೇಷದಿಂದ ಹುಟ್ಟಿದ ನಿರಾಹಾರಕ್ಕೆ ಅನಶನವೆಂಬ ಹೆಸರು ಸಲ್ಲದು. ದೇಹದ ಮಮತೆಯನ್ನು ಬಿಡುವುದು ತಪಸ್ಸು; ದೇಹವನ್ನು ದ್ವೇಷಿಸುವುದು ಆ ಮಮತೆಯದೇ ಇನ್ನೊಂದು ಮುಖ.

ಹಾಗಾದರೆ ರೋಗಪೀಡಿತಳನ್ನು ಹಿಂಸಕಳೆಂದು ದೂಷಿಸಬೇಕೇ? ಖಂಡಿತ ಸಲ್ಲದು. ವ್ರತವು ಸಂಕಲ್ಪಪೂರ್ವಕವಾದುದು. ಆ ಸಂಕಲ್ಪಶಕ್ತಿಯನ್ನೇ ವ್ಯಾಧಿಯು ಸೆರೆಹಿಡಿದಿರುವಾಗ ದೂಷಣೆಯು ಗಾಯದ ಮೇಲೆ ಮತ್ತೊಂದು ಗಾಯವಾದೀತೇ ಹೊರತು ಔಷಧವಾಗದು. ಪ್ರಮಾದವನ್ನು ಹುಡುಕುವುದಾದರೆ ಕಂಡೂ ಕಾಣದಂತಿರುವ ಮನೆಯವರಲ್ಲಿ, ಸ್ಥೂಲಕಾಯನನ್ನು ಪಂಕ್ತಿಯಲ್ಲಿ ಹಾಸ್ಯಮಾಡುವವರಲ್ಲಿ, ಉಪವಾಸದ ಎಣಿಕೆಯನ್ನು ಸ್ಪರ್ಧೆಯಾಗಿಸುವವರಲ್ಲಿ ಹುಡುಕಬೇಕು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿತಃ' ಎಂಬ ವಿಶೇಷಣವಿರುವುದನ್ನು ಶ್ರಾವಕರು ಮರೆಯಲಾಗದು. ಶಕ್ತಿಯನ್ನು ಅಡಗಿಸಲೂ ಬಾರದು, ಮೀರಲೂ ಬಾರದು. ಬಾಹ್ಯ ತಪಸ್ಸು ಆರಾದರೆ ಅಭ್ಯಂತರ ತಪಸ್ಸೂ ಆರು. ಉಪವಾಸವು ಸಲ್ಲದ ಮಗಳಿಗೆ ಸ್ವಾಧ್ಯಾಯವಿದೆ. ಆಕೆಯ ಬಳಿ ಕುಳಿತು, ನಿಂದಿಸದೆ, ವೈದ್ಯರಲ್ಲಿಗೆ ಕರೆದೊಯ್ಯುವ ಮನೆಯವರಿಗೆ ವೈಯಾವೃತ್ತ್ಯವಿದೆ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ 14416ರಲ್ಲಿ ಸಲಹೆ ಉಚಿತವಾಗಿ ದೊರೆಯುತ್ತದೆ.

ವ್ರತವನ್ನು ಕೊಡುವ ಮುನ್ನ ಹಿರಿಯರು ಎಷ್ಟು ದಿನವೆಂದು ಕೇಳುವುದು ವಾಡಿಕೆ. ಪಾರಣೆಯ ದಿನ ನೆಮ್ಮದಿಯಿಂದ ಉಣ್ಣಬಲ್ಲೆಯಾ ಎಂದೂ ಕೇಳಬೇಕು. ಪಾರಣೆಗೆ ಹೆದರುವ ಉಪವಾಸವು ವ್ರತವಲ್ಲ. ಅದು ನೆರವಿಗಾಗಿ ಇಡುವ ಮೂಕ ಮೊರೆ.