ಬಸುರಿಯ ಮನೆಯಲ್ಲಿ ಪತ್ರಿಕೆಯ ಪ್ರಯೋಜನ

ಹುಟ್ಟಲಿರುವ ಕೂಸಿನ ಹಿತಕ್ಕಾಗಿ ತಾಯಿತಂದೆಗಳು ಮುಂಚಿತವಾಗಿ ಏನನ್ನು ಅರಿತಿರಬೇಕು, ಆ ಅರಿವನ್ನು ಅವರಿಗೆ ಯಾರು ಕೊಡಬೇಕು ಎಂಬ ಪ್ರಶ್ನೆಯು ಬಹು ಹಳೆಯದು. ಗರ್ಭದಲ್ಲಿದ್ದ ಅಭಿಮನ್ಯುವು ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಕೇಳಿ ಕಲಿತನೆಂದೂ, ಹೊರಬೀಳುವ ಬಗೆಯನ್ನು ಹೇಳುವಷ್ಟರಲ್ಲಿ ಸುಭದ್ರೆಗೆ ನಿದ್ರೆ ಬಂದಿತೆಂದೂ ನಮ್ಮ ಜನ ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಕೇಳಿದವರು ತಾಯಿಯ ನಿದ್ರೆಯನ್ನು ದೂರುವರು. ಆದರೆ ದಣಿದ ಬಸುರಿಗೆ ನಿದ್ರೆ ಬರುವದು ಸಹಜವಲ್ಲವೇ? ಅರ್ಧಕ್ಕೆ ನಿಂತ ಮಾತನ್ನು ಮರುದಿನ ಪೂರ್ತಿಗೊಳಿಸುವ ಹೊಣೆಯು ಹೇಳಿದವನದಾಗಿತ್ತು. ಗರ್ಭಿಣಿಯರಿಗಾಗಿಯೂ ಅವರ ಮನೆಯವರಿಗಾಗಿಯೂ ಹೊರಡುವ ಪತ್ರಿಕೆಗಳ ಪ್ರಯೋಜನವನ್ನು ತೂಗುವಾಗ ಈ ಹೊಣೆಯನ್ನೇ ಮೊದಲು ನೆನೆಯತಕ್ಕದ್ದು.

ಕನ್ನಡದಲ್ಲಿ ಸ್ತ್ರೀಯರ ಪತ್ರಿಕೆಗಳಿಗೆ ದೀರ್ಘ ಪರಂಪರೆಯುಂಟು. ನಂಜನಗೂಡು ತಿರುಮಲಾಂಬಾ ಅವರು 'ಕರ್ನಾಟಕ ನಂದಿನಿ'ಯನ್ನೂ, ಆರ್. ಕಲ್ಯಾಣಮ್ಮನವರು 'ಸರಸ್ವತಿ'ಯನ್ನೂ ಕಳೆದ ಶತಮಾನದ ಮೊದಲ ಭಾಗದಲ್ಲಿಯೇ ನಡೆಸಿದರು. ಮುಂದೆ ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನರು (೧೯೩೪–೧೯೯೧) 'ತಾಯಿ ಮಗು' ಎಂಬ ಗ್ರಂಥದಿಂದ ಈ ವಿಷಯವನ್ನು ಸುಲಭವಾದ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು.

ಇಷ್ಟಾದರೂ ಕೆಲವರು ಆಕ್ಷೇಪಿಸುವರು: "ಮನೆಯಲ್ಲಿ ಹಿರಿಯರಿರಲು ಕಾಗದದ ಉಪದೇಶವೇಕೆ?" ಈ ಆಕ್ಷೇಪವು ತಳ್ಳಿಬಿಡುವಂಥದಲ್ಲ. ನಮ್ಮ ಗುತ್ತಲದ ಸುತ್ತಮುತ್ತ ಚೊಚ್ಚಲ ಬಸುರಿಗೆ ಕುಬುಸ ಮಾಡುವ, ಹೆರಿಗೆಗೆ ತವರಿಗೆ ಕರೆದೊಯ್ಯುವ ಪದ್ಧತಿಗಳಲ್ಲಿ ಅವಳ ಮನಸ್ಸಿಗೆ ಧೈರ್ಯ, ದೇಹಕ್ಕೆ ವಿಶ್ರಾಂತಿ ಕೊಡುವ ಜಾಣ್ಮೆಯುಂಟು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ ೨೦೧೮ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈಗುಣದ ಮುಂದೆ ಯಾವ ಪತ್ರಿಕೆಯೂ ಗರ್ವಪಡಲಾರದು. ಆದರೆ ಅನುಭವದ ಕಣ್ಣಿಗೂ ಕಾಣದ ಸಂಗತಿಗಳಿವೆ. ರಕ್ತದ ಒತ್ತಡವು ಏರಿದ್ದು ಮುಟ್ಟಿದರೆ ತಿಳಿಯದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೪೫ ಮಂದಿಗೆ ರಕ್ತಹೀನತೆಯಿದ್ದಿತು. ಅದಕ್ಕಾಗಿ ಕೊಡುವ ಕಬ್ಬಿಣಾಂಶದ ಗುಳಿಗೆಯಿಂದ ಮಲವು ಕಪ್ಪಾಗುವದುಂಟು. ಕಾರಣವನ್ನರಿಯದ ಹುಡುಗಿಯು ಹೆದರಿ ಗುಳಿಗೆಯನ್ನೇ ಬಿಡುವಳು. ಇಲ್ಲಿ ಪತ್ರಿಕೆಯ ಎರಡು ಸಾಲು—ಇದು ಗುಳಿಗೆಯ ಸಹಜ ಪರಿಣಾಮ, ಭಯ ಬೇಡ, ಚಹದೊಡನೆ ನುಂಗಬೇಡ—ಎಂಬಷ್ಟೇ ದೊಡ್ಡ ಉಪಕಾರವಾದೀತು.

ಎರಡನೆಯ ಆಕ್ಷೇಪವು ಇದಕ್ಕಿಂತ ತೀಕ್ಷ್ಣವಾದದ್ದು. ನಡೆಸಲು ಸ್ವಾತಂತ್ರ್ಯವಿಲ್ಲದವಳಿಗೆ ತಿಳುವಳಿಕೆಯನ್ನು ಮಾತ್ರ ಕೊಡುವದು ನ್ಯಾಯವೇ? ಮಧ್ಯಾಹ್ನ ಮಲಗಬೇಕು, ಹಾಲುಹಣ್ಣು ತಿನ್ನಬೇಕು ಎಂದು ಪತ್ರಿಕೆ ಹೇಳೀತು. ಅರಳೆ ಬಿಡಿಸಲು, ಮೆಣಸಿನಕಾಯಿಯ ತೊಟ್ಟು ತೆಗೆಯಲು ಕೂಲಿಗೆ ಹೋಗುವ ಬಸುರಿಯ ವಿಶ್ರಾಂತಿ ಅವಳ ಕೈಯಲ್ಲಿದೆಯೇ? ಅರಿತೂ ಮಾಡಲಾರದ ಸ್ಥಿತಿಯು ಅರಿಯದ ಸ್ಥಿತಿಗಿಂತ ಕ್ಲೇಶಕರವು. ಮುಂದೆ ಕೇಡಾದರೆ "ಓದಿಯೂ ಹೀಗೆ ಮಾಡಿದಳು" ಎಂಬ ನಿಂದೆಯೂ ಅವಳ ತಲೆಗೇ ಬರುವದು.

ತಾಯಂದಿರ ಮರಣಕ್ಕೆ ಕಾರಣವಾಗುವ ಮೂರು ವಿಳಂಬಗಳನ್ನು ೧೯೯೪ರಲ್ಲಿ ಇಬ್ಬರು ವಿದ್ವಾಂಸರು ವಿವರಿಸಿದರು: ಚಿಕಿತ್ಸೆಗೆ ಹೋಗಬೇಕೆಂದು ನಿಶ್ಚಯಿಸುವಲ್ಲಿ ತಡ, ಆಸ್ಪತ್ರೆಯನ್ನು ಮುಟ್ಟುವಲ್ಲಿ ತಡ, ಅಲ್ಲಿ ಚಿಕಿತ್ಸೆ ದೊರೆಯುವಲ್ಲಿ ತಡ. ಮೊದಲನೆಯದು ಆಗುವದು ನಮ್ಮ ಪಡಸಾಲೆಯಲ್ಲಿ. ರಕ್ತಸ್ರಾವ, ಕಣ್ಣು ಮಂಜಾಗುವಂಥ ತಲೆನೋವು, ಮುಖದ ಬಾವು, ಕೂಸಿನ ಮಿಸುಕಾಟ ಕಡಿಮೆಯಾಗುವದು—ಇವು ಕಂಡೊಡನೆ ೧೦೮ಕ್ಕೆ ಕರೆಮಾಡಬೇಕೆಂದು ನಿಶ್ಚಯಿಸುವವರು ಬಹುಶಃ ಗಂಡ ಅಥವಾ ಅತ್ತೆ. ಹಾಗಿರಲು ಓದಬೇಕಾದವರೂ ಅವರೇ. ನಮ್ಮ ಭಾಷೆಯಲ್ಲಿ ಹೆಂಗಸಿಗೆ ಬಸುರಿ, ಬಾಣಂತಿ ಎಂಬ ಹೆಸರುಗಳಿವೆ. ಆ ಒಂಬತ್ತು ತಿಂಗಳು ಗಂಡಸಿಗೆ ಯಾವ ಹೆಸರೂ ಇಲ್ಲ. ಹೆಸರಿಲ್ಲದವನು ಹೊಣೆಯಿಂದಲೂ ಜಾರಿಕೊಳ್ಳುವನು. ಅವನನ್ನು ಹೆಸರುಗೊಂಡು ಕರೆಯುವ ಪತ್ರಿಕೆಯೇ ಸಾರ್ಥಕವಾದದ್ದು.

ಇನ್ನು ಅಚ್ಚಿನ ಮಾತು ತಪ್ಪಾಗಲಾರದೆಂಬ ಭ್ರಮೆಯನ್ನೂ ಬಿಡಬೇಕು. ಅಮೇರಿಕದ ವೈದ್ಯ ಬೆಂಜಮಿನ್ ಸ್ಪಾಕ್ ೧೯೪೬ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಗ್ರಂಥವು ಕೋಟಿಗಟ್ಟಲೆ ಮಾರಾಟವಾಯಿತು. ಅದರ ೧೯೫೮ರ ಆವೃತ್ತಿಯು ಕೂಸನ್ನು ಬೋರಲು ಮಲಗಿಸುವದು ಮೇಲೆಂದು ಹೇಳಿತು. ಹಾಗೆ ಮಲಗಿದ ಕೂಸುಗಳು ನಿದ್ರೆಯಲ್ಲಿಯೇ ಅಕಸ್ಮಾತ್ತಾಗಿ ಮರಣ ಹೊಂದುವ ಅಪಾಯ ಹೆಚ್ಚೆಂದು ಮುಂದಿನ ಸಂಶೋಧನೆಗಳಿಂದ ತಿಳಿದು, ೧೯೯೦ರ ದಶಕದಲ್ಲಿ ಅಂಗಾತ ಮಲಗಿಸಿರೆಂದು ದೇಶದೇಶಗಳಲ್ಲಿ ಸಾರಬೇಕಾಯಿತು. ಸ್ಪಾಕನ ಮನಸ್ಸು ಕೆಟ್ಟದಾಗಿರಲಿಲ್ಲ. ಒಳ್ಳೆಯ ಮನಸ್ಸೊಂದೇ ಸಾಲದೆಂಬುದೇ ಇದರ ಪಾಠ. ಕೆಟ್ಟ ಮನಸ್ಸಿನ ಬರವಣಿಗೆಯೂ ಉಂಟು. ಎದೆಹಾಲಿಗೆ ಬದಲಾಗಿ ಡಬ್ಬಿಯ ಹಾಲನ್ನು ಹೊಗಳುವ ಜಾಹೀರಾತುಗಳನ್ನು ೧೯೯೨ರ ಕಾಯದೆಯಿಂದಲೂ, ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ಹೇಳುವವರ ಜಾಹೀರಾತುಗಳನ್ನು ೧೯೯೪ರ ಕಾಯದೆಯಿಂದಲೂ ನಮ್ಮ ದೇಶವು ನಿಷೇಧಿಸಬೇಕಾಯಿತು. ಹಿತವಚನದ ಮಗ್ಗುಲಲ್ಲಿ ಸರಕು ಮಾರುವ ಪತ್ರಿಕೆಯು ಹಿತೈಷಿಯೋ ವ್ಯಾಪಾರಿಯೋ ಎಂಬುದನ್ನು ವಾಚಕರೇ ವಿವೇಚಿಸತಕ್ಕದ್ದು.

ಗ್ರಂಥಕ್ಕಿಲ್ಲದ ಒಂದು ಗುಣವು ಮಾಸಪತ್ರಿಕೆಗಿದೆ: ಅದು ಮುಂದಿನ ತಿಂಗಳು ಮರಳಿ ಬರುವದು. ಬಿಟ್ಟುದನ್ನು ತುಂಬಲು, ತಪ್ಪಿದುದನ್ನು ತಿದ್ದಲು ಅದಕ್ಕೆ ಅವಕಾಶವುಂಟು. ಈಗ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೂ ಅದಕ್ಕೆ ಮುಂಚಿನ ಒಂಬತ್ತು ತಿಂಗಳು ಕಳೆಯುವದು ಮನೆಯಲ್ಲಿಯೇ. ಆ ಅವಧಿಯಲ್ಲಿ ತನ್ನ ಹಿಂದಿನ ತಪ್ಪನ್ನು ಮುಂದಿನ ಸಂಚಿಕೆಯಲ್ಲಿ ನಾಚದೆ ಅಚ್ಚು ಹಾಕುವ, ಯಾವಾಗ ಓದುವದನ್ನು ಬಿಟ್ಟು ವೈದ್ಯರೆಡೆಗೆ ಓಡಬೇಕೆಂಬುದನ್ನು ಸ್ಪಷ್ಟವಾಗಿ ತಿಳಿಸುವ ಪತ್ರಿಕೆಯು ಮನೆಯ ಹಿರಿಯರ ಸಾಲಿನಲ್ಲಿ ಕೂಡ್ರಲು ಯೋಗ್ಯವು. ಅದನ್ನು ಬಸುರಿಯ ತಲೆದಿಂಬಿನ ಬಳಿ ಇಟ್ಟು ಸುಮ್ಮನಾಗದೆ, ಗಂಡನೂ ಅತ್ತೆಯೂ ಓದಿ ತಿಳಿಯಲಿ. ಹಾಗಾದರೆ ಸುಭದ್ರೆಯು ನಿಶ್ಚಿಂತೆಯಿಂದ ನಿದ್ರಿಸಬಹುದು. ಅವಳ ಬದಲು ಎಚ್ಚರಿರುವವರು ಮನೆಯಲ್ಲಿರುವರು.