ಕೊಡುವವರು ಯಾರು, ಪಡೆಯುವವರು ಯಾರು?

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂಟಿಗುವಾ ಪಟ್ಟಣಕ್ಕೆ ಸ್ಪ್ಯಾನಿಷ್ ಕಲಿಯಲೆಂದೇ ಹೊರದೇಶದ ಯುವಕ, ಯುವತಿಯರು ಬರುತ್ತಾರೆ. ಪಾಠ ಮುಗಿದ ಮೇಲೆ ಕೆಲವರು ಬಡಮಕ್ಕಳ ನಡುವೆ ಸ್ವಯಂಸೇವೆ ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಇಲ್ಲಿ ಉಪಕಾರ ಯಾರದು?

ಬಂದವರ ತಪ್ಪು ಮಾತನ್ನು ಮಗು ನಗುತ್ತಾ ತಿದ್ದುತ್ತದೆ. ಮಗುವಿನ ಮನೆಮಾತು ಕಾಕ್ಚಿಕೆಲ್ ಎಂಬ ಮಾಯಾ ಭಾಷೆಯಾಗಿದ್ದರೆ ಸ್ಪ್ಯಾನಿಷ್ ಅದಕ್ಕೂ ಕಷ್ಟಪಟ್ಟು ಕಲಿತದ್ದೇ. 2003ರ ಕಾನೂನು ಮಾಯಾ ಭಾಷೆಗಳನ್ನು ಮಾನ್ಯ ಮಾಡಿದರೂ ಅಧಿಕೃತ ಸ್ಥಾನ ಸ್ಪ್ಯಾನಿಷಿಗೇ ಉಳಿದಿದೆ.

ಕೆಲವು ವಾರಗಳಲ್ಲಿ ಬಂದವರು ಹೊರಟುಹೋಗುತ್ತಾರೆ. ಅವರಿಗೊಂದು ಭಾಷೆ ದಕ್ಕುತ್ತದೆ. ಮಗುವಿಗೆ ಇನ್ನೊಂದು ಅಗಲಿಕೆ. ಹಾಗೆಂದು ಹೋಗಲೇಬಾರದೆಂದಲ್ಲ. ಹೊರಡುವ ದಿನವನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಅಲ್ಲಿನ ಶಿಕ್ಷಕರು ಹೇಳಿದಂತೆ ದುಡಿಯಬೇಕು. ತಾನೂ ಋಣಿಯೆಂಬುದನ್ನು ಮರೆಯಬಾರದು. ಋಣದ ಅರಿವಿಲ್ಲದ ಸೇವೆ ಬಹುಬೇಗ ಅಹಂಕಾರವಾಗಿಬಿಡುತ್ತದೆ.