ಲಕ್ಕಮ್ಮನ ಅಳತೆ

ನಿಡೋಣಿ, ಬಬಲೇಶ್ವರ ಸೀಮೆಯ ಹಳೆಯ ಒಕ್ಕಲುತನದಲ್ಲಿ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಅದು ನಂದಿ ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪುತ್ತಿದ್ದರೂ ಹಿರಿಯರು ಅಂದು ನೊಗ ಮುಟ್ಟುತ್ತಿರಲಿಲ್ಲ. ಎತ್ತು ದಣಿದಿದೆಯೇ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ದಣಿಯಲಿ ಬಿಡಲಿ, ಸೂಟಿ ಸೂಟಿಯೇ. (ಟ್ರ್ಯಾಕ್ಟರ್ ಬಂದ ಮೇಲೆ ಈ ಕಟ್ಟಳೆ ಸಡಿಲಾಯಿತು, ಡೀಸೆಲ್ಲಿಗೆ ವಾರವೆಲ್ಲಿ?) ಇಂಥ ಊರುಗಳಿಂದ ಓದಿ ಪುಣೆಗೋ ಬೆಂಗಳೂರಿಗೋ ಹೋದ ಹುಡುಗ ಹುಡುಗಿಯರಿಗೆ ಮಾತ್ರ ಅದೇ ಸೋಮವಾರ ನೆನೆದರೆ ಭಾನುವಾರ ಸಂಜೆಯೇ ಹೊಟ್ಟೆ ಕಿವುಚುತ್ತದೆ. "ಮಗ ಕಂಪನ್ಯಾಗ ನೌಕರಿ ಹತ್ತ್ಯಾನ, ಪಗಾರ ಚಲೋ ಐತಿ" ಎಂದು ಗುಡಿಯ ಕಟ್ಟೆಯ ಮೇಲೆ ಹೇಳಿಕೊಳ್ಳುವ ಅಪ್ಪನಿಗೆ, ರಾತ್ರಿ ಹತ್ತೂವರೆಗೆ ಮಗನಿಗೆ ಬರುವ ಮ್ಯಾನೇಜರನ ಫೋನಿನ ಸುದ್ದಿ ತಿಳಿದಿರುವುದಿಲ್ಲ.

ಕಂಪನಿಗಳೂ ಸುಮ್ಮನೆ ಕೂತಿಲ್ಲ. ಧ್ಯಾನದ ಆ್ಯಪ್ ಕೊಡುತ್ತವೆ, ಜೂನ್ 21ಕ್ಕೆ ಯೋಗದ ಚಾಪೆ ಹಾಸುತ್ತವೆ, 'ನೀವೆಲ್ಲ ನಮ್ಮ ಕುಟುಂಬ' ಎಂದು ಮೇಲ್ ಕಳಿಸುತ್ತವೆ. ಕರ್ನಾಟಕದ ಕಚೇರಿಯಾದರೆ ಗೋಡೆಗೆ ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಫಲಕವೂ ಇರುತ್ತದೆ. ಆ ಫಲಕದ ಕೆಳಗೆ ಕೂತವರು ಮಾಡುತ್ತಿರುವುದು ನಿಜಕ್ಕೂ ಕಾಯಕವೇ? ಶರಣ ಬಸವಣ್ಣ ಹುಟ್ಟಿದ ವಿಜಯಪುರ ಜಿಲ್ಲೆಯವರಾದರೂ ಈ ಪ್ರಶ್ನೆಯನ್ನು ಕೇಳಬೇಕು.

ಕಾಳಜಿ ಎಷ್ಟು ಪೊಳ್ಳಾಗಬಲ್ಲದು ಎಂಬುದಕ್ಕೆ 2024ರ ಡಿಸೆಂಬರಿನ ಒಂದು ಪ್ರಸಂಗ ಸಾಕು. ಮನೆಗೇ ಬಂದು ಸೌಂದರ್ಯ ಸೇವೆ ಕೊಡುವ ನೋಯ್ಡಾದ 'ಯೆಸ್ ಮೇಡಂ' ಕಂಪನಿ ನೌಕರರ ಒತ್ತಡದ ಸಮೀಕ್ಷೆ ನಡೆಸಿತು; ತೀವ್ರ ಒತ್ತಡವಿದೆ ಎಂದವರನ್ನು ಕೆಲಸದಿಂದ ಬಿಡಿಸಿದ್ದೇವೆ ಎಂಬ ಮೇಲ್ ಹೊರಗೆ ಬಂತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕಂಪನಿ ಕೊಟ್ಟ ಸಮಜಾಯಿಷಿ ಇನ್ನೂ ವಿಚಿತ್ರ: ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜಾಗೃತಿ ಮೂಡಿಸಲು ಹೂಡಿದ ಆಟವಂತೆ. ನೌಕರರ ಸಂಕಟ ಜಾಹೀರಾತಿನ ಸರಕಾಗುವುದು ಹೀಗೆ.

ಪ್ರಾಮಾಣಿಕವಾಗಿ ನಡೆಸುವ ಕಾರ್ಯಕ್ರಮಗಳ ಫಲವೂ ಅಷ್ಟಕ್ಕಷ್ಟೇ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಜಾಲಾಡಿ 2024ರಲ್ಲಿ ಲೇಖನ ಪ್ರಕಟಿಸಿದರು. ಧ್ಯಾನ, ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಪಡೆದವರು ಪಡೆಯದವರಿಗಿಂತ ನೆಮ್ಮದಿಯಾಗೇನೂ ಇರಲಿಲ್ಲ. ತುಸು ವ್ಯತ್ಯಾಸ ಕಂಡದ್ದು ಪರರಿಗಾಗಿ ಸ್ವಯಂಸೇವೆ ಮಾಡಿದವರಲ್ಲಿ ಮಾತ್ರ. ದಾಸೋಹ ಬಲ್ಲ ನಾಡಿಗೆ ಇದು ಹೊಸ ಸುದ್ದಿಯಲ್ಲ.

ಕಾಯಕದ ಮಾತಾಡಿದ ಬಸವಣ್ಣ ಕಚೇರಿ ಬದುಕು ಕಾಣದ ಸಂನ್ಯಾಸಿಯಾಗಿರಲಿಲ್ಲ. ಈಗ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕನಾಗಿ ಲೆಕ್ಕ ಬರೆದವನು, ಮುಂದೆ ಭಂಡಾರಿಯಾದವನು. ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಜೊತೆಯವರು ಚಾಡಿ ಹೇಳಿದರು, ಲೆಕ್ಕ ತಪಾಸಣೆಯೂ ಆಯಿತು, ಲೆಕ್ಕ ಸರಿಯಿತ್ತು ಎನ್ನುತ್ತವೆ ಪುರಾಣಗಳು. ಕಚೇರಿಯ ಕಿರಿಕಿರಿ ಅವನಿಗೂ ತಪ್ಪಿರಲಿಲ್ಲ.

ಆದರೆ ಯಾವುದು ಕಾಯಕ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಸವಣ್ಣನಲ್ಲಲ್ಲ, ಆಯ್ದಕ್ಕಿ ಲಕ್ಕಮ್ಮನಲ್ಲಿ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ, ಮಾರಯ್ಯ ದಂಪತಿಯ ಕಾಯಕ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಬೇಯಿಸಿ, ಜಂಗಮರಿಗೆ ಬಡಿಸಿ ಉಣ್ಣುವುದು. ಮಾರಯ್ಯನ ಬಡತನ ಕಂಡು ಮರುಗಿದ ಬಸವಣ್ಣ ಒಂದು ದಿನ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದನಂತೆ. ಮಾರಯ್ಯ ಅಷ್ಟನ್ನೂ ಆಯ್ದು ತಂದ. ಲಕ್ಕಮ್ಮ ನೋಡಿದಳು, ದಿನದ ಅಳತೆಗಿಂತ ಹೆಚ್ಚಿದೆ. ನಮಗಿಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಈ ಕಥೆಯನ್ನು ಮ್ಯಾನೇಜರನ ಕೈಗೆ ಕೊಟ್ಟರೆ ಸಂತೃಪ್ತಿಯ ಪಾಠ ಮಾಡುತ್ತಾನೆ: ಲಕ್ಕಮ್ಮನೇ ಹೆಚ್ಚಿಗೆ ಬೇಡವೆಂದಳು, ನೀವು ಇನ್‌ಕ್ರಿಮೆಂಟ್ ಕೇಳುತ್ತೀರಲ್ಲ! ಆದರೆ ಅಳತೆ ಯಾರ ಕೈಯಲ್ಲಿತ್ತು? ಇಷ್ಟು ಸಾಕು ಎಂದು ಮಹಾಮನೆ ಅವಳಿಗೆ ಹೇಳಲಿಲ್ಲ. ಅವಳೇ ಮಹಾಮನೆಗೆ ಹೇಳಿದಳು. ಎದುರಿಗಿದ್ದವನು ರಾಜ್ಯದ ಭಂಡಾರಿ, ಅವನ ಕನಿಕರವೂ ನಿಜವಾದದ್ದೇ. ಅಂಥ ನಿಜವಾದ ಕನಿಕರವನ್ನೂ ಅವಳು ತನ್ನ ಅಳತೆಯ ಬದಲಿಗೆ ಒಪ್ಪಲಿಲ್ಲ. ಆಯ್ದದ್ದನ್ನು ಯಾರಿಗೆ ಬಡಿಸಬೇಕು ಎಂಬ ತೀರ್ಮಾನವೂ ಅವಳದೇ. ಈ ಎರಡು ಹಕ್ಕು ಕಿತ್ತುಕೊಂಡ ಮೇಲೆ ಉಳಿಯುವುದು ಬರೀ ದುಡಿತ. ಅದಕ್ಕೆ ಕೂಲಿ ಕೊಡಬಹುದು, ಕೈಲಾಸದ ಹೆಸರು ಕೊಡುವಂತಿಲ್ಲ.

ಇಂದು ಅಳತೆ ಬೇರೆಯವರ ಕೈಯಲ್ಲಿದೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯ ಹೊತ್ತಿಗೆ ಎಲ್ ಆ್ಯಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90 ಆಗಿತ್ತು. ಸಂಖ್ಯೆ ಬೆಳೆಯಿತು, ದುಡಿಯುವವರನ್ನು ಯಾರೂ ಕೇಳಲಿಲ್ಲ.

ಗೀತೆಯನ್ನೂ ಹೀಗೆ ದುಡಿಸುವ ಕೆಲಸಕ್ಕೆ ಹಚ್ಚಿದ್ದಾರೆ. ಫಲದ ಆಸೆ ಬಿಟ್ಟು ದುಡಿಯಿರಿ ಎಂದು ತರಬೇತಿಯಲ್ಲಿ ಬೋಧಿಸುವವರೇ ಮಾರ್ಚ್ ಬಂತೆಂದರೆ ಫಲದ ಪಟ್ಟಿ ಹಿಡಿದು ನೌಕರರಿಗೆ ಅಂಕ ಹಾಕುತ್ತಾರೆ. ಆ ಉಪದೇಶ ಸಲ್ಲುವ ಬಾಯಿ ಬೇರೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗೆ ಸ್ಮಾರಕ ಬೇಡ ಎಂದು ಬರೆದಿಟ್ಟು 2023ರ ಜನವರಿ 2ರಂದು ದೇಹ ಬಿಟ್ಟರು. ನಿರಪೇಕ್ಷೆಯ ಮಾತು ಅವರಿಂದ ಬಂದಾಗ ಜನ ಬಯಲಲ್ಲಿ ಗಂಟೆಗಟ್ಟಲೆ ಕೂತು ಕೇಳಿದರು. ಷೇರು ಬೆಲೆ ನೋಡುತ್ತ ಹೇಳಿದರೆ ಕೇಳುವವರಾರು?

ದಣಿವಿಗೆ ಮೂಲ ಎಲ್ಲಿದೆ ಎಂಬುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೂ ಗೊಂದಲವಿಲ್ಲ. ಕೆಲಸದಿಂದ ಬಸವಳಿಯುವುದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಅದು 2019ರಲ್ಲೇ ಸ್ಪಷ್ಟಪಡಿಸಿತು. ಹಾಗಿರುವಾಗ ನೌಕರನ ಉಸಿರಾಟವನ್ನಷ್ಟೇ ತಿದ್ದುತ್ತ ಕೂತರೆ ಹೇಗೆ?

ಅಳತೆ ಕಾನೂನಿನಲ್ಲೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ಮೀರುವಂತಿಲ್ಲ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಈ 9ನ್ನು 10ಕ್ಕೆ, 10ನ್ನು 12ಕ್ಕೆ, 50ನ್ನು 144ಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ನಿಡೋಣಿಯಿಂದ, ಬಬಲೇಶ್ವರದಿಂದ ಹೋಗಿ ನೌಕರಿ ಹತ್ತಿದವರು ಮುಂದಿನ ಯೋಗ ಶಿಬಿರಕ್ಕೆ ಹೆಸರು ಕೊಡುವ ಮೊದಲು ಎಚ್.ಆರ್. ವಿಭಾಗಕ್ಕೆ ಒಂದು ಸಾಲಿನ ಮೇಲ್ ಕಳಿಸಲಿ: ಕಳೆದ ಮೂರು ತಿಂಗಳಲ್ಲಿ ನನ್ನ ಓವರ್‌ಟೈಮ್ ಎಷ್ಟು ಗಂಟೆ, ಲೆಕ್ಕ ಕೊಡಿ.